ಬೆಂಗಳೂರಿಂದ ನವುಲೆಗೆ ಒಂದೇ ಗಂಟೆನಾ?

"ವಿಮಾನದಲ್ಲಿ ಒಂದೇ ಗಂಟೆಯಂತಲ್ಲೋ, ಮತ್ತೆ ಯಾಕೆ ಬರಕ್ಕಾಗಲ್ಲ?" 2023ರ ಆಗಸ್ಟ್ 31ರಂದು ಬೆಂಗಳೂರಿಂದ ಸೋಗಾನೆಗೆ ಮೊದಲ ಪ್ರಯಾಣಿಕ ವಿಮಾನ ಬಂದಾಗಿನಿಂದ ನವುಲೆಯಲ್ಲಿರೋ ಅಮ್ಮನದು ಇದೇ ಪ್ರಶ್ನೆ. ಅಪ್ಪನ ಕಣ್ಣಿನ ಆಪರೇಷನ್ ಇದ್ದಾಗ ಕೊನೆಗೂ ಹತ್ತಿದೆ.

ಹಾರಾಟ ನಿಜಕ್ಕೂ ಒಂದು ಗಂಟೆಯ ಆಸುಪಾಸು. ಕಿಟಕಿಯಿಂದ ಅಡಿಕೆ ತೋಟ ಕಂಡಿತು ಅನ್ನೋಷ್ಟರಲ್ಲಿ ಇಳಿದಾಗಿರುತ್ತೆ. ತಾವರೆಯಾಕಾರದ ಟರ್ಮಿನಲ್, ಅದಕ್ಕೆ ನಮ್ಮ ಕುವೆಂಪು ಹೆಸರು. ಖುಷಿಯಂತೂ ಆಗುತ್ತೆ.

ಆದರೆ ಪೂರ್ತಿ ಲೆಕ್ಕ ಕೇಳಿ. ರಾಜಾಜಿನಗರದ ರೂಮಿಂದ ದೇವನಹಳ್ಳಿಗೆ ಒಂದೂವರೆ ಗಂಟೆ. ಅಲ್ಲಿ ಚೆಕ್-ಇನ್, ಸೆಕ್ಯುರಿಟಿ, ಕಾಯೋದು ಅಂತ ಇನ್ನೊಂದೂವರೆ. ಸೋಗಾನೆ ಶಿವಮೊಗ್ಗದ ಒಂದು ದಿಕ್ಕಿಗಾದರೆ, ಸವಳಂಗ ರಸ್ತೆಯ ನವುಲೆ ಮತ್ತೊಂದು ದಿಕ್ಕಿಗೆ. ಊರು ದಾಟೋಕೆ ಮುಕ್ಕಾಲು ಗಂಟೆ. ಒಟ್ಟು ನಾಲ್ಕೂಮುಕ್ಕಾಲು! ಯಶವಂತಪುರದಲ್ಲಿ ಜನಶತಾಬ್ದಿ ಹತ್ತಿದರೂ ಹೆಚ್ಚುಕಮ್ಮಿ ಅಷ್ಟೇ. ದುಡ್ಡೂ ಎಷ್ಟೋ ಕಮ್ಮಿ. ಮೇಲಾಗಿ, ಭದ್ರಾವತಿ ದಾಟಿದ ಕೂಡಲೇ "ಅನ್ನಕ್ಕಿಡು" ಅಂತ ಫೋನ್ ಮಾಡಬಹುದು. ಹೆಬ್ಬಾಳ, ಯಲಹಂಕ ಕಡೆಯವರಿಗೆ ವಿಮಾನ ಲಾಭವೇ ಇರಬಹುದು, ನಂಗಲ್ಲ.

ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಸರಿ, ರೈಲಲ್ಲೇ ಬಾ. ಯಾವತ್ತು ಬರ್ತೀಯ?" ಅಂದ್ಲು.