ಪುರಭವನದ ಮೆಟ್ಟಿಲುಗಳು

ಬೆಂಗಳೂರಿನ ಟೌನ್‌ಹಾಲ್ ಎಂದರೆ ನಮಗೆ ಒಳಗಿನ ಸಭಾಂಗಣಕ್ಕಿಂತ ಮೊದಲು ನೆನಪಾಗುವುದು ಹೊರಗಿನ ಮೆಟ್ಟಿಲುಗಳು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, 1935ರಲ್ಲಿ ತೆರೆದ ಈ ಭವನಕ್ಕೆ ಪುಟ್ಟಣ್ಣಚೆಟ್ಟಿಯವರ ಹೆಸರಿದೆ. ಎತ್ತರದ ಕಂಬಗಳು ದೂರ ನಿಲ್ಲು ಎನ್ನುವಂತಿವೆ; ಅಗಲವಾದ ಮೆಟ್ಟಿಲುಗಳು ಬಾ ಕೂರು ಎನ್ನುತ್ತವೆ. ಕಟ್ಟಿಸಿದವರು ನಮ್ಮಂಥವರನ್ನು ಎಣಿಸಿ ಹಾಗೆ ಕಟ್ಟಿಸಿರಲಾರರು, ಇರಲಿ.

ಅಲ್ಲಿ ನಾವು ಎಷ್ಟೋ ಸಂಜೆ ಕೂತಿದ್ದೇವೆ. ಸಭಾಂಗಣಕ್ಕೆ ಬಾಡಿಗೆ ಕಟ್ಟಬೇಕಿತ್ತು, ಮೆಟ್ಟಿಲಿಗೆ ಬಾಡಿಗೆಯಿರಲಿಲ್ಲ. ಬುರ್ಖಾ ತೊಟ್ಟವರು, ಗಾರ್ಮೆಂಟ್ಸ್ ಕೆಲಸ ಮುಗಿಸಿ ನೇರ ಬಂದವರು, ಕಾಲೇಜು ಹುಡುಗರು ಮೇಲೆ ಕೆಳಗೆ ಕೂತರೆ ಹಿಂದಿನವರ ಮುಖವೂ ರಸ್ತೆಗೆ ಕಾಣುತ್ತಿತ್ತು. ಶಾಮಿಯಾನ, ವೇದಿಕೆಯ ಖರ್ಚಿಲ್ಲ. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಕಿಟಕಿಯಿಂದ ಯಾರೋ ನಮ್ಮ ಫಲಕ ಓದುತ್ತಿದ್ದರು. ಕೆಲವರು ಇಳಿದೇ ಬಂದು ಏನು ವಿಷಯ ಎಂದು ಕೇಳುತ್ತಿದ್ದರು. 2019ರ ಡಿಸೆಂಬರ್ 19ರಂದು, ನಿಷೇಧಾಜ್ಞೆಯ ನಡುವೆಯೂ, ಪೌರತ್ವ ತಿದ್ದುಪಡಿ ಕಾಯ್ದೆಯ ವಿರುದ್ಧ ಜನ ಸೇರಿದ್ದು ಇಲ್ಲೇ. ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ಪಡೆದದ್ದೂ ಇಲ್ಲೇ.

2021ರ ಸರ್ಕಾರಿ ಆದೇಶವು ನಗರದ ಪ್ರತಿಭಟನೆಗಳನ್ನು ಫ್ರೀಡಂ ಪಾರ್ಕಿಗೆ ಸೀಮಿತಗೊಳಿಸಿತು. ಟ್ರಾಫಿಕ್ ತೊಂದರೆಯ ಮಾತು ಸುಳ್ಳಲ್ಲ; ಆಂಬ್ಯುಲೆನ್ಸ್‌ನಲ್ಲಿ ಸಿಕ್ಕಿಕೊಂಡವರ ಸಂಕಟ ನಮಗೂ ಗೊತ್ತು. ಫ್ರೀಡಂ ಪಾರ್ಕ್ ಹಿಂದೆ ಸೆಂಟ್ರಲ್ ಜೈಲಾಗಿತ್ತು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರು ಅಲ್ಲಿ ಸೆರೆಯಲ್ಲಿದ್ದರು. 2008ರಲ್ಲಿ ಅದನ್ನು ಉದ್ಯಾನವಾಗಿ ತೆರೆದಾಗ ಕಾವಲುಗೋಪುರವನ್ನು ಉಳಿಸಿಕೊಂಡದ್ದು ನಮಗೆ ಮೆಚ್ಚುಗೆಯೇ. ಆದರೆ ಅಲ್ಲಿ ಕೂಗಿದ್ದು ಕೂಗಲು ಬಂದವರಿಗೇ ಕೇಳಿಸುತ್ತದೆ. ದಾರಿಹೋಕನೊಬ್ಬ ಸುಮ್ಮನೆ ನಿಂತು ಕೇಳಿ, ಒಪ್ಪಿ ಅಥವಾ ಬೈದು ಮುಂದೆ ಹೋಗುವ ಅವಕಾಶ ಅಲ್ಲಿ ಬಹಳ ಕಡಿಮೆ. ಜೈಲಿಗೆ ಸ್ವಾತಂತ್ರ್ಯದ ಹೆಸರಿಟ್ಟು ಮಾತನ್ನು ಅಲ್ಲಿಗೆ ಕಳಿಸಿದ್ದನ್ನು ಯಾರು ಹೇಗೆ ಅರ್ಥ ಮಾಡಿಕೊಳ್ಳಬೇಕೋ!

ಈಗ ಊರೂರಲ್ಲೂ ಭವನಗಳು ಏಳುತ್ತಿವೆ. ಮೊದಲು ಕಾಂಪೌಂಡ್, ಆಮೇಲೆ ಗೇಟು, ಗೇಟಿಗೊಬ್ಬ ಕಾವಲುಗಾರ, ಕೊನೆಗೆ ಉಳಿದ ಜಾಗದಲ್ಲಿ ಕಟ್ಟಡ! ನಕ್ಷೆ ಬರೆಯುವವರು ರಸ್ತೆಯ ಕಡೆಗೆ ನಾಲ್ಕು ಅಗಲದ ಮೆಟ್ಟಿಲು ಬರೆದರೆ ಎಷ್ಟು ಚೆಂದ. ಮೆಟ್ಟಿಲಷ್ಟೇ ಸಾಲದು. ಮೊಣಕಾಲು ನೋವಿನ ನಮ್ಮ ಹಿರಿಯರು ಯಾವಾಗಲೂ ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಿದ್ದರು. ಬಸ್ಸಿನ ಹೊಗೆಯೆಲ್ಲ ಮೊದಲು ಅವರ ಮುಖಕ್ಕೆ. ಗಾಲಿಕುರ್ಚಿ ಏರುವ ಇಳಿಜಾರು ದಾರಿ ಹಿಂಬಾಗಿಲಲ್ಲಿ ಬೇಡ, ಮುಂದೆಯೇ ಇರಲಿ. ಒಂದು ಹೊಂಗೆ ಮರದ ನೆರಳು, ಕುಡಿಯುವ ನೀರಿನ ನಲ್ಲಿ. ಹೆಂಗಸರ ಶೌಚಾಲಯಕ್ಕೆ ಹೊರಗಿನಿಂದಲೇ ಬಾಗಿಲಿರಲಿ. ಅದರ ಬೀಗದ ಕೈಗಾಗಿ ಯಾರನ್ನೂ ಹುಡುಕಿಕೊಂಡು ಹೋಗುವಂತಾಗಬಾರದು.