ಸೀಲು ಕರಗಿದ ಕಾಗದ

ಬೆಳಗಿನ ಎಂಟೂವರೆ ದಾಟಿದೆ. 2004ರ ಡಿಸೆಂಬರ್ 26, ಭಾನುವಾರ. ನೀವು ಚೆನ್ನೈನ ಮೀನುಗಾರಿಕಾ ಬಂದರು ಕಾಸಿಮೇಡಿನಲ್ಲಿದ್ದೀರಿ, ಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನಿನ ಬುಟ್ಟಿ ತೊಳೆಯುತ್ತಿದ್ದೀರಿ. ಸೆರಗಿಗೆ ಡೀಸೆಲ್ಲು, ಕರಗಿದ ಐಸು, ವಂಜರಂ ಮೀನಿನ ರಕ್ತ ಮೂರರ ವಾಸನೆಯೂ ಹತ್ತಿದೆ. ನಸುಕಿನ ಹರಾಜು ಮುಗಿದು ಬಂದರಿನ ಗದ್ದಲ ಇಳಿದಿದೆ. ಗಂಡ ದೋಣಿಯ ಜೊತೆ ಆಳ ಸಮುದ್ರದಲ್ಲಿದ್ದಾನೆ. ಆರೂವರೆ ಸುಮಾರಿಗೆ ನೆಲ ತುಸು ತೂಗಿದಂತಾಗಿತ್ತು. ನಿದ್ದೆಗೆಟ್ಟ ತಲೆ, ತಿರುಗಿರಬೇಕು ಅಂದುಕೊಂಡು ಸುಮ್ಮನಾಗಿದ್ದೀರಿ.

ಮೊದಲು ಕೇಳಿಸುವುದು ಮರ ಸೀಳುವ ಸದ್ದು. ಬಂದರಿನಲ್ಲಿ ಕಟ್ಟಿಹಾಕಿದ್ದ ದೋಣಿಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತಿವೆ. ಹಗ್ಗ ಹರಿಯುತ್ತಿದೆ, ಯಾರೋ ಕಿರುಚುತ್ತಿದ್ದಾರೆ: 'ಕಡಲ್ ಉಳ್ಳೆ ವರುದು!' ಕಡಲು ಒಳಗೆ ಬರುವುದೆಂದರೇನು? ನೀವು ಹುಟ್ಟಿದಾಗಿನಿಂದ ಅದು ಬಂದು ಹೋಗುತ್ತಲೇ ಇದೆಯಲ್ಲ?

ತಲೆ ಎತ್ತುವಷ್ಟರಲ್ಲಿ ಬುಟ್ಟಿ ತೇಲುತ್ತಿದೆ.

ನೀರು ಕಪ್ಪಗಿದೆ. ಬಂದರಿನ ತಳದ ಕೆಸರು, ಎಣ್ಣೆ, ಕೊಳೆತ ಮೀನಿನ ಕರುಳು ಎಲ್ಲವನ್ನೂ ಕೆದರಿಕೊಂಡು ಬಂದಿದೆ. ಪಾದ, ಮೀನಖಂಡ, ಮೊಣಕಾಲು. ಮಗುವನ್ನು ಸೊಂಟಕ್ಕೆ ಏರಿಸಿದ್ದೀರಿ. ಬಲಗೈಯಲ್ಲಿ ಅತ್ತೆಯ ಮಣಿಕಟ್ಟು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿದೆ, ಒಳಗೆ ಅಟ್ಟದ ಮೇಲೆ ತಗಡಿನ ಪೆಟ್ಟಿಗೆ. ಅದರಲ್ಲೊಂದು ಪ್ಲಾಸ್ಟಿಕ್ ಚೀಲ: ಪಡಿತರ ಚೀಟಿ, ದೋಣಿಯ ನೋಂದಣಿ ಪುಸ್ತಕ, ಮಗುವಿನ ಜನನ ಪ್ರಮಾಣಪತ್ರ, ಸಂಘದ ಪಾಸ್‌ಬುಕ್. ದೋಣಿ ನಿಮ್ಮದು ಅನ್ನುವುದು ಇಡೀ ಕುಪ್ಪಕ್ಕೆ, ಅಂದರೆ ಮೀನುಗಾರರ ಕೇರಿಗೆ, ಗೊತ್ತು. ಸರ್ಕಾರಕ್ಕೆ ಗೊತ್ತಾಗಬೇಕಾದರೆ ಆ ಚೀಲ ಬೇಕು.

ಓಡಬೇಕೋ, ಒಳಗೆ ಹೋಗಬೇಕೋ?

ಯೋಚನೆ ಮಾಡುವವರು ಬೇರೆ ಯಾರೋ ಅನ್ನುವಂತೆ ಕಾಲು ಒಳಗೆ ನಡೆಯುತ್ತದೆ. ಪೆಟ್ಟಿಗೆಯ ಮುಚ್ಚಳ ಎತ್ತಲು ಒಂದು ಕೈ ಖಾಲಿ ಬೇಕು. ಮಗುವನ್ನು ಬಿಡುವಂತಿಲ್ಲ. ಅತ್ತೆಯ ಮಣಿಕಟ್ಟು ಬಿಡುತ್ತೀರಿ. ಮುಚ್ಚಳ ಕಚ್ಚಿಕೊಂಡಿದೆ. ಎಳೆಯುತ್ತೀರಿ. ಚೀಲ ಸಿಕ್ಕಿತು, ಬಾಯಿ ಕಟ್ಟಿಲ್ಲ, ಕಟ್ಟಲು ಹೊತ್ತಿಲ್ಲ, ಹಲ್ಲಲ್ಲಿ ಕಚ್ಚುತ್ತೀರಿ. ಹೊರಗೆ ನೀರು ಎದೆಮಟ್ಟ. ಅತ್ತೆ ಇಲ್ಲ! ಬಾಯಿ ಬಿಟ್ಟು ಕೂಗಿದರೆ ಚೀಲ ಬೀಳುತ್ತದೆ. ಕೂಗುವುದಿಲ್ಲ. ಆ ಕ್ಷಣ ನೀವು ಕೂಗದೇ ಇದ್ದದ್ದು ಮುಂದೆ ಬಹಳ ರಾತ್ರಿ ನಿಮ್ಮನ್ನು ಎಬ್ಬಿಸಲಿದೆ. ನೆರೆಮನೆಯ ಹುಡುಗ ಮುದುಕಿಯನ್ನು ಕೂದಲು ಹಿಡಿದು ಗೋಡೆಯ ಮೇಲಕ್ಕೆ ಎಳೆದುಕೊಂಡಿದ್ದಾನೆ ಅನ್ನುವುದು ತಿಳಿಯುವುದು ರಸ್ತೆಗೆ ಬಂದ ಮೇಲೆ.

ಸಂಜೆಗೆ ಗಂಡನೂ ಬರುತ್ತಾನೆ, ಕಂಗಾಲಾಗಿ. ಸುನಾಮಿಯ ಅಲೆ ಅವನ ದೋಣಿಯ ಅಡಿಯಲ್ಲೇ ಹಾದುಹೋಗಿದೆ, ಅವನಿಗೆ ಗೊತ್ತೇ ಆಗಿಲ್ಲ. ತೆರೆದ ಸಾಗರದಲ್ಲಿ ಅದರ ಎತ್ತರ ಸುಮಾರು 60 ಸೆಂಟಿಮೀಟರ್ ಮಾತ್ರ ಇತ್ತೆಂದು ಉಪಗ್ರಹಗಳು ಅಳೆದಿದ್ದವು.

ಈಗ ಪರಿಹಾರ ಶಿಬಿರವಾದ ಶಾಲೆಯ ಜಗಲಿ. ಚೀಲ ಸುರಿದು ಕೂತಿದ್ದೀರಿ. ಕಾಗದಗಳು ಒಂದಕ್ಕೊಂದು ಅಂಟಿವೆ, ಉಪ್ಪು ಮತ್ತು ಕೆಸರಿನ ನಾತ. ಬಾಲ್‌ಪೆನ್ನಿನಲ್ಲಿ ಬರೆದದ್ದು ನಿಂತಿದೆ. ಗಂಡನ ಹೆಸರು, ವಯಸ್ಸು ಓದಬಹುದು. ಆದರೆ ಕಚೇರಿಯ ನೇರಳೆ ಸೀಲು ಕರಗಿ ಪುಟದ ತುಂಬ ಹರಡಿದೆ. ಕೌಂಟರಿನಲ್ಲಿ ಮೊದಲು ಹುಡುಕುವುದು ಅದನ್ನೇ ಎಂದು ನಿಮಗೆ ಚೆನ್ನಾಗಿ ಗೊತ್ತು. ಪುಟ ಬಿಡಿಸಲು ಹೋಗುತ್ತೀರಿ, ಮೂಲೆ ಕೈಗೆ ಬರುತ್ತದೆ. ಎಲ್ಲರಂತೆ ನೀವೂ ಬಿಸಿಲಿಗೆ ಹರಡಿ ಮೇಲೆ ಕಲ್ಲಿಡುತ್ತೀರಿ.

ಇಲ್ಲಿ ನಾನು ನಡುವೆ ಬಾಯಿ ಹಾಕಲೇಬೇಕು. ದಾಖಲೆ ಕಾಯುವವರು ಹೀಗೆ ಮಾಡುವುದಿಲ್ಲ. ಒದ್ದೆ ಕಾಗದವನ್ನು ಉಜ್ಜಬಾರದು, ಬಲವಂತವಾಗಿ ಬಿಡಿಸಬಾರದು, ಉರಿಬಿಸಿಲಿಗೆ ಇಡಬಾರದು. ಮಧ್ಯೆ ಮಧ್ಯೆ ನೀರು ಹೀರುವ ಹಾಳೆ ಇಟ್ಟು ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಬೇಕು. ಎರಡು ದಿನದೊಳಗೆ ಬೂಸ್ಟು ಶುರುವಾಗುತ್ತದೆ. ರಾಶಿ ದೊಡ್ಡದಿದ್ದರೆ ಹಾಗೆಯೇ ಹೆಪ್ಪುಗಟ್ಟಿಸಿಬಿಡುವುದು ಅವರ ಪದ್ಧತಿ, ಆಮೇಲೆ ನಿಧಾನವಾಗಿ ಒಂದೊಂದೇ ಒಣಗಿಸುತ್ತಾರೆ. ಮೀನು ಕೆಡದಂತೆ ಕಾಯುವ ವಿದ್ಯೆ ಅರೆದು ಕುಡಿದ ಊರು ಕಾಸಿಮೇಡು. ಕಾಗದಕ್ಕೂ ಶೀತಪೆಟ್ಟಿಗೆ ಆಗುತ್ತದೆಂದು ಆ ಊರಿಗೆ ಯಾರೂ ಹೇಳಿರಲಿಲ್ಲ.

ಹೇಳಬಲ್ಲವರು ಅದೇ ನಗರದಲ್ಲಿದ್ದರು. ಎಗ್ಮೋರ್‌ನಲ್ಲಿ, 1909ರಲ್ಲಿ ಕಟ್ಟಿದ ಕೆಂಪು ಕಟ್ಟಡದ ಸರ್ಕಾರಿ ದಾಖಲೆ ಭಂಡಾರದಲ್ಲಿ, ಮದರಾಸು ಸರ್ಕಾರದ ಕಡತಗಳು ಸಾಲುಸಾಲಾಗಿವೆ. ಸೇಂಟ್ ಜಾರ್ಜ್ ಕೋಟೆಯ ಹಳೆಯ ಕಾಗದಗಳು 1670ರ ದಶಕದವು. ದಕ್ಷಿಣ ಕನ್ನಡ 1956ರವರೆಗೂ ಮದರಾಸಿನ ಜಿಲ್ಲೆಯಾಗಿದ್ದರಿಂದ ನಮ್ಮ ಕಲೆಕ್ಟರರ ಪತ್ರಗಳೂ ಅಲ್ಲಿವೆ. ಆ ಭಂಡಾರವನ್ನು ಬಹುಕಾಲ ಕಾಯ್ದ ಕ್ಯೂರೇಟರ್ ನಮ್ಮ ಕರಾವಳಿಯ ಬಂಟ್ವಾಳ ಸುರೇಂದ್ರನಾಥ ಬಾಳಿಗ. ಕಂಪನಿ ಸರ್ಕಾರದ ಪತ್ರಕ್ಕೆ ಅಷ್ಟು ಆರೈಕೆ. ಮೀನುಗಾರನ ನೋಂದಣಿ ಪುಸ್ತಕಕ್ಕೆ ಜಗಲಿ ಮತ್ತು ಕಲ್ಲು.

ಪರಿಹಾರದ ಕೌಂಟರಿನ ಮುಂದೆ ಸಾಲು ಸರಿಯುತ್ತಿದೆ. ಬೆವರು, ಫಿನಾಯಿಲು, ಹಸಿ ಕಂಬಳಿ. ಮೇಜಿನ ಹಿಂದಿನ ಗುಮಾಸ್ತನಿಗೂ ನಿದ್ದೆಯಿಲ್ಲ, ಕಣ್ಣು ಕೆಂಡವಾಗಿದೆ. ನಿಮ್ಮ ಎದೆ ಬಡಿತ ನಿಮಗೇ ಕೇಳಿಸುತ್ತಿದೆ. ಅವನು ಕಾಗದವನ್ನು ಬೆಳಕಿಗೆ ಹಿಡಿಯುತ್ತಾನೆ, ತಿರುಗಿಸುತ್ತಾನೆ. 'ಸೀಲ್ ಇಲ್ಲ.' ನಿಮ್ಮ ಗಂಟಲು ಕಟ್ಟುತ್ತದೆ. ಆಮೇಲೆ ಅವನ ಬೆರಳು ಮೂಲೆಯ ನೋಂದಣಿ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಅಂಕಿಗಳು ಬಾಲ್‌ಪೆನ್ನಿನವು. ಅವನು ರಿಜಿಸ್ಟರು ಎಳೆದುಕೊಂಡು ಪುಟ ಮಗುಚುತ್ತಾನೆ. ಇನ್ನೊಂದು. ಮತ್ತೊಂದು. ಬೆರಳು ನಿಂತಿತು. 'ಇದೆ.'

ನಿಮ್ಮ ಹಿಂದಿನ ಹೆಂಗಸಿನ ಗಂಡ ಮರಳಿಲ್ಲ. ಅವಳಿಗೆ ಬೇಕಾದ ಕಾಗದ ಯಾವ ರಿಜಿಸ್ಟರಿನಲ್ಲೂ ಇಲ್ಲ, ಯಾಕೆಂದರೆ ದೇಹ ಸಿಕ್ಕಿಲ್ಲ. ಕಾಣೆಯಾದವರು ಸತ್ತಿದ್ದಾರೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯುತ್ತದೆ. ಈ ಏಳು ವರ್ಷ ನಮ್ಮ ಮಲ್ಪೆಗೂ ಗೊತ್ತು: 2018ರ ಡಿಸೆಂಬರ್‌ನಲ್ಲಿ ಏಳು ಮಂದಿಯೊಂದಿಗೆ ಕಾಣೆಯಾದ 'ಸುವರ್ಣ ತ್ರಿಭುಜ' ದೋಣಿಯ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಲ್ಲಿ ಪತ್ತೆಯಾಯಿತು, ಆ ಏಳು ಮಂದಿ ಪತ್ತೆಯಾಗಲಿಲ್ಲ.

ಅಲೆಗೆ ತಮಿಳುನಾಡಿನಲ್ಲಿ ಸುಮಾರು 8 ಸಾವಿರ ಮಂದಿ ಸತ್ತರು, ನಾಗಪಟ್ಟಿಣ ಜಿಲ್ಲೆಯೊಂದರಲ್ಲೇ 6 ಸಾವಿರಕ್ಕೂ ಹೆಚ್ಚು. ಅವರಲ್ಲಿ ಎಷ್ಟು ಮಂದಿ ಪೆಟ್ಟಿಗೆಗಾಗಿ ಒಳಗೆ ಹೋದವರೆಂದು ಯಾವ ಕಡತವೂ ಬರೆದಿಟ್ಟಿಲ್ಲ. ನನ್ನ ಮಟ್ಟಿಗೆ, ಕಚೇರಿಯ ರಿಜಿಸ್ಟರು ನೆಟ್ಟಗಿದ್ದರೆ ಯಾರೂ ಒಳಗೆ ಹೋಗಬೇಕಾಗಿರಲಿಲ್ಲ. ಕರಾವಳಿಯ ಮನೆಯವರು ಇವತ್ತೇ ಒಂದು ಕೆಲಸ ಮಾಡಿ: ದೋಣಿಯ, ಪಡಿತರ ಚೀಟಿಯ, ಮಕ್ಕಳ ಜನನ ನೋಂದಣಿಯ ಸಂಖ್ಯೆಗಳನ್ನು ಬಾಲ್‌ಪೆನ್ನಿನಲ್ಲಿ ಬರೆದು ಘಟ್ಟದ ಮೇಲಿನ ನೆಂಟರ ಮನೆಯಲ್ಲಿಡಿ. ಡಿಜಿಲಾಕರ್‌ನಲ್ಲಿ ಸಿಗುವಂಥವನ್ನು ಅಲ್ಲಿಗೂ ತರಿಸಿಕೊಳ್ಳಿ; ಇಲಾಖೆಯೇ ಅಲ್ಲಿ ನೀಡಿದ ದಾಖಲೆಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆಯಿದೆ.