ನೆಲ ಗುಡಿಸಿದ ಹಾಡುಗಾರ

ಕಳೆದ ಭಾನುವಾರ ಪೂಜೆ ಮುಗಿದು ಗಾಯನ ಅಭ್ಯಾಸಕ್ಕೆ ಕುಳಿತಾಗ ನಮ್ಮ ಮಾತು ಕ್ರಿಸ್ ಕ್ರಿಸ್ಟಾಫರ್ಸನ್ ಕಡೆಗೆ ಹೊರಳಿತು. ಅಮೆರಿಕದ ಹಳ್ಳಿಗಾಡಿನ ಬದುಕಿನಿಂದ ಹುಟ್ಟಿದ ಕಂಟ್ರಿ ಸಂಗೀತಕ್ಕೆ ಹಾಡು ಬರೆದವರು ಅವರು.

1936ರಲ್ಲಿ ಟೆಕ್ಸಾಸ್‌ನಲ್ಲಿ ಜನಿಸಿದರು. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಓದಿದರು. ಸೇನೆಯಲ್ಲಿ ಹೆಲಿಕಾಪ್ಟರ್ ಹಾರಿಸಿ ಕ್ಯಾಪ್ಟನ್ ಆದರು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕಾದಿತ್ತು. 1965ರಲ್ಲಿ ಅದೆಲ್ಲವನ್ನೂ ಬಿಟ್ಟು, ಹಾಡು ಬರೆಯಲೆಂದು ನ್ಯಾಶ್‌ವಿಲ್‌ಗೆ ಹೋದರು. ಮನೆಯವರು ಮುನಿಸಿಕೊಂಡರು. ಹೊಟ್ಟೆಪಾಡಿಗಾಗಿ ಕೊಲಂಬಿಯಾ ರೆಕಾರ್ಡಿಂಗ್ ಸ್ಟುಡಿಯೋದ ನೆಲ ಗುಡಿಸಿದರು. ಅವರು ಬರೆದು ಜಾನಿ ಕ್ಯಾಶ್ ಹಾಡಿದ ಗೀತೆಗೆ 1970ರಲ್ಲಿ ಕಂಟ್ರಿ ಸಂಗೀತದ ವರ್ಷದ ಗೀತೆ ಎಂಬ ಪ್ರಶಸ್ತಿ ಬಂತು.

ಹೆಸರು ಬಂದ ಮೇಲೆ, ಒಮ್ಮೆ ಆರಾಧನೆಗೆ ಹೋದಾಗ ಅವರು ಅತ್ತುಬಿಟ್ಟರು. ಆ ಅನುಭವದಿಂದ 'ವೈ ಮಿ' ಹುಟ್ಟಿತು. ಕೃಪೆಯ ಮುಂದೆ ತಲೆಬಾಗಿದವನ ಹಾಡು ಅದು. 1973ರಲ್ಲಿ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಇಷ್ಟೆಲ್ಲ ಮಾತಾಡುವಾಗ ನಮ್ಮೊಳಗೊಬ್ಬ ಸುಮ್ಮನಿದ್ದ. ಪದವಿ ಮುಗಿಸಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ರಾತ್ರಿ ಭಕ್ತಿಗೀತೆ ಬರೆಯುತ್ತಾನೆ. "ಕವಿಗಳು ಬಂದರು" ಎಂದು ಗೇಲಿ ಮಾಡಿದವರು ನಾವೇ. ಆಮೇಲೆ ಅವನು ನೋಟುಬುಕ್ಕನ್ನು ಅಭ್ಯಾಸಕ್ಕೆ ತಂದಿರಲಿಲ್ಲ. ದೂರದ ನ್ಯಾಶ್‌ವಿಲ್‌ನ ಹಾಡುಗಾರನಿಗೆ ಚಪ್ಪಾಳೆ ತಟ್ಟುವ ನಮಗೆ ಪಕ್ಕದಲ್ಲೇ ಕುಳಿತವನು ಕಂಡಿರಲಿಲ್ಲ.

ಅವನ ಕ್ಷಮೆ ಕೇಳಿದೆವು. ಬರುವ ಭಾನುವಾರ ನೋಟುಬುಕ್ ತರುತ್ತೇನೆ ಎಂದಿದ್ದಾನೆ. ಕಾಯುತ್ತಿದ್ದೇವೆ.